ಗೋಡೆ ಒಡೆಯೋ ಮೊದಲು ಅಡುಗೆ ಮಾಡೋರನ್ನ ಕೇಳಿ

ಓಪನ್ ಕಿಚನ್ ಅಂದ ತಕ್ಷಣ ಫೋನಲ್ಲಿ ನೋಡಿದ ಫೋಟೊಗಳೇ ಕಣ್ಮುಂದೆ ಬರುತ್ತವೆ. ಬಿಳಿ ಕೌಂಟರ್, ಮೇಲೆ ತೂಗುವ ಮೂರು ದೀಪ, ಬುಟ್ಟಿಯಲ್ಲಿ ನಾಲ್ಕು ನಿಂಬೆಹಣ್ಣು. ಆ ಫೋಟೊದಲ್ಲಿ ಯಾರೂ ಒಣಮೆಣಸಿನಕಾಯಿ ಒಗ್ಗರಣೆ ಹಾಕಿರುವುದಿಲ್ಲ, ಸಿಂಕ್‌ನಲ್ಲಿ ದೋಸೆಹಿಟ್ಟಿನ ಪಾತ್ರೆ ಇರುವುದಿಲ್ಲ. ನಮ್ಮ ಮನೆಗಳಲ್ಲಿ ಇವೆರಡೂ ದಿನಾ ಇರುತ್ತವೆ. ಹಾಗಾಗಿ ಅಡುಗೆಮನೆ, ಊಟದ ಜಾಗ, ಹಾಲ್ ಮೂರನ್ನೂ ಒಂದು ಮಾಡಬೇಕು ಅಂತಿದ್ದರೆ ಪ್ಲಾನ್ ಫೋಟೊದಿಂದಲ್ಲ, ಅಲ್ಲಿ ನಿಂತು ಅಡುಗೆ ಮಾಡುವವರಿಂದ ಶುರುವಾಗಬೇಕು.

ಕಳೆದ ವರ್ಷ ನಾವು ಬೆಂಗಳೂರಲ್ಲಿ ಹತ್ತು ವರ್ಷ ಹಳೆಯ 2 ಬಿಎಚ್‌ಕೆ ಫ್ಲ್ಯಾಟ್ ತಗೊಂಡೆವು. ಮಾವ ತೀರಿಕೊಂಡ ಮೇಲೆ ಹಾಸನದಲ್ಲಿ ಒಬ್ಬರೇ ಇದ್ದ ಅತ್ತೆ ನಮ್ಮ ಜೊತೆ ಇರಲು ಬರುವುದೆಂದು ಆಗಿತ್ತು. ನಾನೂ ನನ್ನ ಗಂಡನೂ ಸಾಫ್ಟ್‌ವೇರ್, ಮಗಳಿಗೆ ಮೂರು ವರ್ಷ. ಅಡುಗೆಮನೆ 8 ಅಡಿಗೆ 7 ಅಡಿ, ಸುತ್ತ ಗೋಡೆ. ಹಾಲ್ ಕಡೆಯ ಗೋಡೆ ಪೂರ್ತಿ ಹೋಗಲಿ ಅಂತ ಗಂಡ, ಇರಲಿ ಅಂತ ಅತ್ತೆ.

ಯಾಕೆ ಅಂತ ಅತ್ತೆಯನ್ನು ಕೇಳಿದೆ. "ನೋಡಮ್ಮ, ಬಂದೋರ ಕಣ್ಣು ಮೊದಲು ಸಿಂಕ್ ಮೇಲೇ ಬೀಳೋದು. ನಾನು ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಬೆವರು ಒರೆಸ್ಕೊಂತಿರ್ತೀನಿ, ಎಲ್ಲರ ಮುಂದೆ ನಿಂತಂಗಾಗುತ್ತೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಆದ್ರೆ ಹಾಸನದಲ್ಲೂ ಒಬ್ಳೇ ಇದ್ದೆ. ಇಲ್ಲಿಗೆ ಬಂದೂ ಒಳಗೆ ಗೋಡೆ ನೋಡ್ಕೊಂಡು ಒಬ್ಳೇ ನಿಂತ್ಕೊಳ್ಳೋದಾದ್ರೆ ಅದೂ ಬೇಡ ಅನ್ಸುತ್ತೆ" ಅಂದರು. ಈ ಎರಡು ಮಾತೇ ನಮ್ಮ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಆಯಿತು.

ಈ ಪ್ರಶ್ನೆ ಹೊಸದೇನಲ್ಲ

ಹಳೆಯ ತೊಟ್ಟಿ ಮನೆಗಳಲ್ಲಿ ಅಡುಗೆಮನೆ ಒಳಗೆ, ಬಂದವರು ಪಡಸಾಲೆಯಲ್ಲಿ. ಮಡಿ, ಹೊಗೆ ಎರಡಕ್ಕೂ ಅದು ಬೇಕಿತ್ತು. ಆದರೆ ಮನೆ ತುಂಬ ಜನರಿದ್ದ ಕಾಲ, ಒಳಗಿದ್ದವರು ಒಂಟಿಯಾಗಿರಲಿಲ್ಲ. ಇಂದಿನ ಮಾಡ್ಯುಲರ್ ಕಿಚನ್‌ನ ಮೂಲ ಬೇರೆ. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕಟ್ಟುತ್ತಿದ್ದ ಸಾರ್ವಜನಿಕ ವಸತಿಗೆ ಒಂದು ಅಡುಗೆಮನೆ ವಿನ್ಯಾಸ ಮಾಡಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಹೆಜ್ಜೆ ಉಳಿಸುವುದೇ ಗುರಿ. ಅಂಥ ಸುಮಾರು 10,000 ಅಡುಗೆಮನೆಗಳು ಬಂದವು. ಕೆಲಸ ಬೇಗ ಮುಗಿಯುತ್ತಿತ್ತು, ಆದರೆ ಒಬ್ಬರಿಗಷ್ಟೇ ಜಾಗ. ಹೆಂಗಸರನ್ನು ಒಳಗೆ ಒಂಟಿ ಮಾಡಿತು ಎಂಬ ಟೀಕೆ ಆಮೇಲೆ ಬಂತು. ನಮ್ಮ ಅಪಾರ್ಟ್‌ಮೆಂಟ್‌ಗಳ ಪುಟ್ಟ ಅಡುಗೆಮನೆಗಳಿಗೂ ಈ ಟೀಕೆ ಸರಿಯಾಗಿ ಹೊಂದುತ್ತದೆ.

ಮೊದಲು ಗೋಡೆ ಯಾವುದು ನೋಡಿ

ಕಂಬ, ತೊಲೆ ಹಾಕಿ ಕಟ್ಟಿದ ಕಟ್ಟಡದಲ್ಲಿ ನಡುವಿನ ಬ್ಲಾಕ್ ಗೋಡೆ ಸಾಮಾನ್ಯವಾಗಿ ಭಾರ ಹೊರುವುದಿಲ್ಲ. ಆದರೆ ಮೈವಾನ್ ಅನ್ನುವ ಅಲ್ಯೂಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟ್ ಸುರಿದು ಕಟ್ಟಿದ ಹೊಸ ಟವರ್‌ಗಳಲ್ಲಿ ಗೋಡೆಗಳೇ ಭಾರ ಹೊರುತ್ತವೆ. ಅಂಥ ಗೋಡೆ ಮುಟ್ಟಲೇಬೇಡಿ. ಹೊರಗಿಂದ ನೋಡಿ ಹೇಳೋಕಾಗಲ್ಲ. ಸ್ಟ್ರಕ್ಚರಲ್ ಡ್ರಾಯಿಂಗ್ ತರಿಸಿ, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ, ಅವರ ಅಭಿಪ್ರಾಯ ಬರಹದಲ್ಲಿ ತಗೊಳ್ಳಿ. ಅಸೋಸಿಯೇಷನ್ ಒಪ್ಪಿಗೆಯೂ ಬೇಕು. ಇಂಟೀರಿಯರ್‌ನವರ "ಏನಾಗಲ್ಲ ಮೇಡಂ" ಸಾಲದು.

ಒಲೆ ಗೋಡೆಗೆ, ಹೆಚ್ಚೋದು ಹಾಲ್‌ಗೆ

ಒಂದು ಭಾನುವಾರ ಅತ್ತೆ ಅಡುಗೆ ಮಾಡುವುದನ್ನು ಸುಮ್ಮನೆ ನೋಡುತ್ತಾ ಕುಳಿತೆ. ಹುಳಿ, ಪಲ್ಯ, ಚಪಾತಿ. ಒಲೆ ಮುಂದೆ ನಿಂತದ್ದಕ್ಕಿಂತ ಸೊಪ್ಪು ಬಿಡಿಸುವುದು, ತರಕಾರಿ ಹೆಚ್ಚುವುದು, ಹಿಟ್ಟು ಕಲಸುವುದಕ್ಕೇ ಜಾಸ್ತಿ ಹೊತ್ತು ಹೋಯಿತು. ಹಾಗಾದರೆ ಹಾಲ್ ಕಡೆ ಮುಖ ಮಾಡಬೇಕಾದ್ದು ಒಲೆಯಲ್ಲ, ಹೆಚ್ಚುವ ಕಟ್ಟೆ.

ಒಲೆಯನ್ನು ಹೊರಗೋಡೆಗೆ ಇಟ್ಟೆವು. ಚಿಮಣಿ ಪೈಪ್ ನೇರ ಹೊರಗೆ ಹೋಯಿತು. ಪೂರ್ವಕ್ಕೆ ಮುಖ ಮಾಡಿ ಅಡುಗೆ ಮಾಡಬೇಕೆಂಬ ಅತ್ತೆಯ ಆಸೆಯೂ ಅಲ್ಲೇ ಈಡೇರಿತು. ಹಾಲ್ ಕಡೆಯ 7 ಅಡಿ ಗೋಡೆಯಲ್ಲಿ 5 ಅಡಿಯಷ್ಟನ್ನು ಕಟ್ಟೆ ಮಟ್ಟಕ್ಕೆ ಇಳಿಸಿ, ಅದಕ್ಕೇ ಹೆಚ್ಚುವ ಕಟ್ಟೆ ಹಾಕಿಸಿದೆವು. ಉಳಿದ 2 ಅಡಿ ಗೋಡೆಯ ಹಿಂದೆ ಸಿಂಕ್ ಮರೆಯಾಯಿತು. ಕಟ್ಟೆಯ ಹಾಲ್ ಅಂಚನ್ನು 8 ಇಂಚು ಎತ್ತರಿಸಿದ್ದರಿಂದ ಸೋಫಾದಲ್ಲಿ ಕೂತವರಿಗೆ ಅತ್ತೆಯ ಮುಖ ಕಾಣುತ್ತದೆ, ಈರುಳ್ಳಿ ಸಿಪ್ಪೆ ಕಾಣುವುದಿಲ್ಲ.

ಸಿಂಕ್, ಒಲೆ, ಫ್ರಿಜ್ ಮೂರೂ ಒಂದು ತ್ರಿಕೋನ, ಒಂದೊಂದು ಬದಿ 4ರಿಂದ 9 ಅಡಿ ಇರಲಿ ಅನ್ನುವುದು ವಿನ್ಯಾಸದವರ ಹಳೆಯ ಸೂತ್ರ. ನಮ್ಮ ಮನೆಗಳಿಗೆ ನಾಲ್ಕನೇ ಮೂಲೆಯೂ ಇದೆ: ಯುಟಿಲಿಟಿ. ಪಾತ್ರೆ ತೊಳೆಯುವುದು, ಗ್ರೈಂಡರ್ ಎಲ್ಲ ಅಲ್ಲೇ. ಆ ದಾರಿಗೆ ಊಟದ ಮೇಜು ಅಡ್ಡ ಬರಬಾರದು.

ಕಟ್ಟೆಯ ಎತ್ತರ ಸಾಮಾನ್ಯವಾಗಿ 34 ಇಂಚು ಇಡುತ್ತಾರೆ. ಮಡಿಸಿದ ಮೊಣಕೈಗಿಂತ 4ರಿಂದ 6 ಇಂಚು ಕೆಳಗಿದ್ದರೆ ಭುಜ ನೋಯುವುದಿಲ್ಲ. ಅತ್ತೆ 5 ಅಡಿ ಎತ್ತರ, ಒಲೆ ಮೇಲೆ ಪಾತ್ರೆ ಇನ್ನಷ್ಟು ಎತ್ತರವಾಗುತ್ತದೆ. ಅದಕ್ಕೇ ಒಲೆಯ ಕಟ್ಟೆ 32 ಇಂಚಿಗೆ ನಿಲ್ಲಿಸಿದೆವು.

ಹೊಗೆ, ಗಾಳಿ, ಸದ್ದು

ಗೋಡೆ ಹೋದರೆ ಈ ಮೂರಕ್ಕೂ ಬೇರೆ ಉತ್ತರ ಬೇಕು.

ಹೊಗೆ: ಪೈಪ್ ಇಲ್ಲದ ಚಿಮಣಿ ಗಾಳಿಯನ್ನು ಫಿಲ್ಟರ್ ಮಾಡಿ ಮತ್ತೆ ಒಳಗೇ ಬಿಡುತ್ತದೆ; ಆವಿ, ಬಿಸಿ ಮನೆಯಲ್ಲೇ ಉಳಿಯುತ್ತವೆ. ನಮ್ಮ ಒಗ್ಗರಣೆಗೆ ಹೊರಗೆ ಬಿಡುವ ಪೈಪೇ ಬೇಕು. ಅದು ಚಿಕ್ಕದಾಗಿ, ತಿರುವು ಕಡಿಮೆ ಇದ್ದಷ್ಟೂ ಒಳ್ಳೆಯದು.

ಗಾಳಿ: ಊಟದ ಮೇಜಿನ ಫ್ಯಾನ್ ಜೋರಾಗಿ ತಿರುಗಿದರೆ ಒಲೆಯ ಉರಿ ಅಲ್ಲಾಡುತ್ತದೆ, ಸಿಮ್‌ನಲ್ಲಿದ್ದರೆ ಆರಿಯೇ ಹೋಗಬಹುದು. ಫ್ಯಾನ್ ಪಾಯಿಂಟ್ ಒಲೆಯಿಂದ ದೂರ ಇರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಸಿಲಿಂಡರ್ ಇಡುವ ಕ್ಯಾಬಿನೆಟ್‌ಗೆ ಕೆಳಗಡೆ ಗಾಳಿಕಿಂಡಿ ಇರಲೇಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಮೇಲೇರುತ್ತದೆ. ಕಿಟಕಿಯ ಮೇಲ್ಭಾಗ ತೆರೆಯುವಂತಿರಲಿ. ಅನಿಲದ ಲೈನ್ ಸರಿಸುವುದು ಕಂಪನಿಯವರ ಕೆಲಸ, ಬಡಗಿಯದಲ್ಲ.

ಸದ್ದು: ಮನೆಯಿಂದ ಕೆಲಸ ಮಾಡುವವರಿಗೆ ಇದೇ ದೊಡ್ಡ ತಲೆನೋವು. ಮೀಟಿಂಗ್ ನಡುವೆ ಮಿಕ್ಸಿ ಶುರುವಾದರೆ ಮ್ಯೂಟ್ ಒತ್ತುವಷ್ಟರಲ್ಲಿ ಚಟ್ನಿ ಆಗಿರುತ್ತದೆ. ನಾವು ಮಿಕ್ಸಿಯನ್ನೂ ಯುಟಿಲಿಟಿಗೆ ಕಳಿಸಿದೆವು, ಕೆಲಸದ ಮೇಜನ್ನು ಮಲಗುವ ಕೋಣೆಗೆ. ತೆರೆದ ಜಾಗಕ್ಕೆ ಗಾಜಿನ ಸ್ಲೈಡಿಂಗ್ ಬಾಗಿಲು ಹಾಕಿಸಿದೆವು. ಗಟ್ಟಿಮಾಡಿದ ಗಾಜೇ ಕೇಳಿ ಹಾಕಿಸಿ, ಮಕ್ಕಳಿರುವ ಮನೆಯಲ್ಲಿ ಅದರಲ್ಲಿ ರಾಜಿ ಬೇಡ.

ಊಟದ ಮೇಜು ನಡುವೆ

ಮೇಜಿನ ಅಳತೆಗಿಂತ ಕುರ್ಚಿ ಎಳೆದಾಗಿನ ಅಳತೆ ಮುಖ್ಯ. ಕುರ್ಚಿಯ ಹಿಂದೆ ಒಬ್ಬರು ನಡೆಯಲು ಮೇಜಿನ ಅಂಚಿನಿಂದ 3 ಅಡಿಯಾದರೂ ಬೇಕು. ಎತ್ತರದ ಬಾರ್ ಸ್ಟೂಲ್ ಚೆನ್ನಾಗಿ ಕಾಣುತ್ತದೆ, ಆದರೆ ಮಂಡಿನೋವಿನವರು ಹತ್ತೋಕಾಗಲ್ಲ, ಮಕ್ಕಳು ಬೀಳುತ್ತಾರೆ. ನಮ್ಮಲ್ಲಿ ನಾಲ್ಕು ಜನರ ಮಾಮೂಲಿ ಮೇಜು, ಹೆಚ್ಚುವ ಕಟ್ಟೆಗೆ ಹತ್ತಿರ. ಅತ್ತೆ ಬಟಾಣಿ ಬಿಡಿಸುತ್ತಾ ಇದ್ದರೆ ಮಗಳು ಅಲ್ಲೇ ಬಣ್ಣ ಹಚ್ಚುತ್ತಾಳೆ. ಅರ್ಧ ಬಟಾಣಿ ಅವಳ ಹೊಟ್ಟೆಗೆ.

ನೆಂಟರು ಬಂದ ದಿನ ಅತ್ತೆ ಇವತ್ತಿಗೂ ಗಾಜಿನ ಬಾಗಿಲು ಎಳೆದುಕೊಳ್ಳುತ್ತಾರೆ. "ಇಷ್ಟೆಲ್ಲ ಮಾಡಿ ಬಾಗಿಲು ಹಾಕೋದಾ ಅಮ್ಮ?" ಅಂತ ಗಂಡ ಕೇಳಿದರೆ, "ಹಾಕೋದೂ ತೆಗೆಯೋದೂ ನನ್ನ ಕೈಲಿದೆಯಲ್ಲಪ್ಪ, ಅಷ್ಟು ಸಾಕು" ಅನ್ನುತ್ತಾರೆ. ನನ್ನ ಪ್ರಕಾರ ಒಳ್ಳೆಯ ಪ್ಲಾನ್ ಅಂದರೆ ಅದೇ.

ನೀವೂ ಯೋಚಿಸುತ್ತಿದ್ದರೆ ಸುತ್ತಿಗೆ ಎತ್ತುವ ಮೊದಲು ಒಂದು ರೋಲ್ ಮಾಸ್ಕಿಂಗ್ ಟೇಪ್ ತನ್ನಿ. ಕಟ್ಟೆ, ಮೇಜು, ಸೋಫಾ ಎಲ್ಲ ನಿಜ ಅಳತೆಯಲ್ಲಿ ನೆಲದ ಮೇಲೆ ಅಂಟಿಸಿ. ಕೈಯಲ್ಲಿ ಖಾಲಿ ಕುಕ್ಕರ್ ಹಿಡಿದು ಒಲೆಯಿಂದ ಸಿಂಕ್‌ಗೆ, ಅಲ್ಲಿಂದ ಮೇಜಿಗೆ ನಡೆದು ನೋಡಿ. ನೀವು ಮಾತ್ರ ಅಲ್ಲ, ಮನೆಯಲ್ಲಿ ಅಡುಗೆ ಮಾಡುವ ಎಲ್ಲರೂ. ಟೇಪ್ ಕಿತ್ತು ಬೇರೆ ಕಡೆ ಅಂಟಿಸೋದು ಸುಲಭ, ಗ್ರಾನೈಟ್ ಹಾಗಲ್ಲ.