ದಡದಲ್ಲಿ ಕುಳಿತು ಹರಿಗೋಲಿನ ಪಂದ್ಯ ನೋಡುವುದು

ತುಂಗಭದ್ರೆಯ ದಡದಲ್ಲಿ ಹುಟ್ಟಿ ಬೆಳೆದವರ ಮುಂದೆ ಹರಿಗೋಲಿನ ವಿಚಾರ ಹೇಳಹೊರಡುವುದು ಮೀನಿಗೆ ಈಜು ಕಲಿಸಿದ ಹಾಗೆ. ಆದರೆ ಕೊಪ್ಪಳದ ಸೀಮೆಯೆಲ್ಲ ಹೊಳೆಯ ದಡವಲ್ಲ. ಗಂಗಾವತಿಯವರಿಗೆ ಹೊಳೆ ಮನೆಯಂಗಳವಿದ್ದಂತೆ. ಕೊಪ್ಪಳದವರಿಗೆ ಮುನಿರಾಬಾದಿನ ಅಣೆಕಟ್ಟು ಹತ್ತಿರವುಂಟು. ಕುಷ್ಟಗಿ, ಯಲಬುರ್ಗಾಗಳ ಮಳೆಯಾಧಾರದ ಹೊಲಗಳಲ್ಲಿ ದುಡಿಯುವವರಿಗಾದರೋ ತುಂಬಿದ ಹೊಳೆಯೆಂದರೆ ಯಾತ್ರೆಗೆ ಹೋದಾಗ ಕಂಡು ಬರುವ ವಸ್ತು. ಅಂಥವರು ಆನೆಗೊಂದಿಗೆ ಬಂದು, ನೀರಿನ ಮೇಲೆ ಬುಟ್ಟಿಗಳು ಗಿರ್ರನೆ ತಿರುಗುತ್ತ ಬರುವುದನ್ನು ಕಂಡು, ‘ಇದರಲ್ಲಿ ಯಾರು ಮುಂದೆ, ಯಾರು ಹಿಂದೆ?’ ಎಂದು ಕೇಳಿದರೆ ನಗಬಾರದು. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹುಡುಕುವುದಕ್ಕಾಗಿಯೇ ಈ ಬರಹ.

ದೋಣಿಯ ಪಂದ್ಯವೆಂದೊಡನೆ ಪತ್ರಿಕೆ ಓದುವವರಿಗೆ ನೆನಪಾಗುವುದು ಲಂಡನ್ನಿನ ಥೇಮ್ಸ್ ನದಿ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳ ಪಂದ್ಯ 1829ರಲ್ಲಿ ಮೊದಲಾಯಿತು. 1845ರಿಂದ ಅದು ಪಟ್ನಿಯಿಂದ ಮಾರ್ಟ್‌ಲೇಕಿನ ಕಡೆಗೆ ನಡೆಯುತ್ತ ಬಂದಿದೆ. ಆ ದಾರಿಯುದ್ದಕ್ಕೂ ನದಿಯ ಅಂಚಿಗೇ ಹಳೆಯ ಪಾನಗೃಹಗಳು ಸಾಲಾಗಿವೆ. ಜನ ಬೆಳಗಿನಿಂದ ಅಲ್ಲಿ ಸ್ಥಳ ಹಿಡಿದು, ಕೈಯಲ್ಲಿ ಗ್ಲಾಸು ಹಿಡಿದು ಕಾಯುತ್ತಾರೆ. ಎರಡು ದೋಣಿ ಕಣ್ಣೆದುರು ಹಾದುಹೋಗುವುದು ಒಂದೆರಡು ನಿಮಿಷದ ಮಾತು. ಮಿಕ್ಕ ಹೊತ್ತೆಲ್ಲ ಮಾತುಕತೆ. 1927ರಲ್ಲಿ ಬಿ.ಬಿ.ಸಿ. ಈ ಪಂದ್ಯವನ್ನು ಮೊದಲ ಬಾರಿಗೆ ಬಾನುಲಿಯಲ್ಲಿ ಬಿತ್ತರಿಸಿತು. ಅಂದಿನಿಂದ ಕಣ್ಣಿಗೆ ಬೀಳದ ಭಾಗವನ್ನೂ ಕಿವಿಯಿಂದ ತುಂಬಿಕೊಳ್ಳುವಂತಾಯಿತು.

ಆದರೆ ನಮ್ಮ ಅಂಬಿಗರೊಡನೆ ಹೋಲಿಸತಕ್ಕದ್ದು ಈ ವಿದ್ಯಾರ್ಥಿಗಳ ಪಂದ್ಯವಲ್ಲ. ಅದೇ ಥೇಮ್ಸಿನಲ್ಲಿ 1715ರಿಂದ ನಡೆದುಬಂದಿರುವ ಇನ್ನೊಂದು ಪಂದ್ಯವುಂಟು. ಥಾಮಸ್ ಡಾಗೆಟ್ ಎಂಬ ನಟನು ಅದನ್ನು ಏರ್ಪಡಿಸಿದವನು. ಜನರನ್ನು ದಡದಿಂದ ದಡಕ್ಕೆ ದಾಟಿಸಿ ಹೊಟ್ಟೆ ಹೊರೆಯುತ್ತಿದ್ದ ಅಂಬಿಗರಲ್ಲಿ, ಆಗತಾನೆ ಕೆಲಸ ಕಲಿತು ಮುಗಿಸಿದ ಹುಡುಗರಿಗಾಗಿ ಇಟ್ಟ ಪಂದ್ಯವದು. ಗೆದ್ದವನಿಗೆ ಕೆಂಪು ಕೋಟು, ಬೆಳ್ಳಿಯ ಬಿಲ್ಲೆ. ಲಂಡನ್ ಸೇತುವೆಯ ಬಳಿಯ ‘ಹಂಸ’ವೆಂಬ ಪಾನಗೃಹದಿಂದ ಚೆಲ್ಸಿಯಲ್ಲಿದ್ದ ಅದೇ ಹೆಸರಿನ ಇನ್ನೊಂದು ಪಾನಗೃಹದವರೆಗೆ ಅವರು ಹುಟ್ಟು ಹಾಕುತ್ತಿದ್ದರು. ಥೇಮ್ಸಿಗೆ ಒಂದರ ಹಿಂದೊಂದು ಸೇತುವೆಗಳಾದುವು. ದಾಟಿಸುವ ಕಸುಬು ಸೊರಗಿತು. ಪಂದ್ಯ ಮಾತ್ರ ಉಳಿಯಿತು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಆನೆಗೊಂದಿಗೆ ಬನ್ನಿ.

ಇಲ್ಲಿಯ ಹರಿಗೋಲಿಗೆ ಬಹಳ ದೊಡ್ಡ ಇತಿಹಾಸವಿದೆ. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಕೂರಬಹುದು. ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು. ಇವು ನೆಟ್ಟಗೆ ಹೋಗಲಾರದೆ ಯಾವಾಗಲೂ ಸುತ್ತುತ್ತಿರುತ್ತವೆ ಎಂಬುದು ಅವನ ವರದಿ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆಯೂ ಡಾಂಬರಿನ ಲೇಪವೂ ಬಂದಿವೆ. ಸೀಳಿದ ಬಿದಿರಿನ ಹೆಣಿಗೆ ಮಾತ್ರ ಹಾಗೆಯೇ ಇದೆ. ಸಣ್ಣ ಹರಿಗೋಲಾದರೆ ಒಬ್ಬನೇ ಬೋರಲು ಮಾಡಿ ತಲೆಯ ಮೇಲೆ ಹೊತ್ತು ನಡೆದಾನು. ದೂರದಿಂದ ನೋಡಿದರೆ ದೊಡ್ಡದೊಂದು ಆಮೆ ಎರಡು ಕಾಲಿನ ಮೇಲೆ ನಡೆದು ಬಂದಂತೆ ಕಾಣುತ್ತದೆ.

ಇಷ್ಟೊಂದು ತೊಡಕಿನ ವಾಹನವನ್ನು ನಮ್ಮ ಹಿರಿಯರು ಏಕೆ ಇಟ್ಟುಕೊಂಡರು? ಹೊಳೆಯನ್ನೊಮ್ಮೆ ನೋಡಿ, ಉತ್ತರ ಅಲ್ಲೇ ಇದೆ. ಇಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಹರಿಯುವ ನದಿ. ಅಡಿಯುಳ್ಳ ಉದ್ದನೆಯ ದೋಣಿ ನೀರಿನೊಳಗೆ ಆಳಕ್ಕೆ ಇಳಿದು ಬಂಡೆಗೆ ತಾಗುತ್ತದೆ. ಹರಿಗೋಲಿನ ತಳ ಚಪ್ಪಟೆ. ಅಂಗೈಯಷ್ಟು ನೀರಿದ್ದರೂ ತೇಲುತ್ತದೆ. ಬಂಡೆಗೆ ತಾಗಿದರೂ ಬಿದಿರು ಬಳುಕುತ್ತದೆ, ಸೀಳುವುದಿಲ್ಲ. ಆದರೆ ಈ ಗುಣಕ್ಕೆ ಬೆಲೆಯನ್ನೂ ತೆರಬೇಕು. ಉದ್ದನೆಯ ದೋಣಿಗೆ ಮುಂದು ಹಿಂದು ಎಂಬುದುಂಟು, ನೀರೇ ಅದನ್ನು ನೆಟ್ಟಗೆ ಹಿಡಿಯುತ್ತದೆ. ದುಂಡಗಿನ ಬುಟ್ಟಿಗೆ ಎತ್ತ ಹೊರಳಿದರೂ ಒಂದೇ. ಬಲಗಡೆ ಒಂದು ಹುಟ್ಟು ಹಾಕಿದರೆ ಎಡಕ್ಕೆ ತಿರುಗುತ್ತದೆ. ಎಡಗಡೆ ಹಾಕಿದರೆ ಬಲಕ್ಕೆ. ಹೊಸಬನ ಕೈಗೆ ಹುಟ್ಟು ಕೊಟ್ಟರೆ ಅವನು ಬೆವರಿಳಿಸಿಕೊಂಡು ಇದ್ದಲ್ಲಿಯೇ ರಾಗಿ ಬೀಸುತ್ತಾನೆ.

ಪಳಗಿದ ಅಂಬಿಗನು ಮಾಡುವುದೇ ಬೇರೆ. ಥೇಮ್ಸಿನ ಹುಡುಗರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತು ಹುಟ್ಟು ಎಳೆಯುತ್ತಾರೆ. ನಮ್ಮವನು ಹೋಗುವ ದಿಕ್ಕಿಗೇ ಮುಖ ಮಾಡಿ, ಬುಟ್ಟಿಯ ಮುಂದಿನ ಅಂಚಿನಲ್ಲಿ ಕೂರುತ್ತಾನೆ. ಹುಟ್ಟನ್ನು ಪಕ್ಕಕ್ಕಲ್ಲ, ಎದುರಿಗೆ ಚಾಚಿ ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತಾನೆ. ಸೆಳೆಯುವಾಗ ಕೊಂಚ ಎಡಕ್ಕೆ, ಕೊಂಚ ಬಲಕ್ಕೆ ತೂಗುತ್ತಾನೆ. ಭಾರವೆಲ್ಲ ಅವನ ಹಿಂದಿರುತ್ತದೆ. ಬಂಡಿಯನ್ನು ಎತ್ತು ಮುಂದಿನಿಂದ ಎಳೆದಾಗ ಅದು ತಾನಾಗಿ ಹಿಂದೆ ಬರುತ್ತದಲ್ಲವೆ? ಹಿಂದಿನಿಂದ ನೂಕಿದರೆ ಪಕ್ಕಕ್ಕೆ ಹೊರಳುತ್ತದೆ. ಇಲ್ಲಿಯ ಗುಟ್ಟೂ ಅಷ್ಟೇ. ವೇಲ್ಸ್ ದೇಶದ ಟೈವಿ ನದಿಯಲ್ಲಿ ಒಬ್ಬರೇ ಕೂರುವಂಥ ಹರಿಗೋಲುಗಳಿವೆ. ಅಲ್ಲಿಯ ಬೆಸ್ತರೂ ಇದೇ ರೀತಿ ಮುಂಭಾಗದಲ್ಲಿ ಹುಟ್ಟಾಡಿಸುತ್ತಾರೆ, ಅವರಲ್ಲಿಯೂ ಪಂದ್ಯಗಳಿವೆ. ಯಾರೂ ಯಾರಿಂದಲೂ ಕಲಿತದ್ದಲ್ಲ. ದುಂಡಗಿನ ದೋಣಿಯೇ ಇಬ್ಬರಿಗೂ ಗುರು.

ಈಗ ಪಂದ್ಯ ನೋಡುವ ಬಗೆ ಹೇಳುತ್ತೇನೆ. ಮೊದಲನೆಯದಾಗಿ, ಕೈ ಬೀಸುವ ಭರವನ್ನು ನೋಡಿ ಮೋಸ ಹೋಗಬೇಡಿ. ಪಂದ್ಯ ಶುರುವಾದಾಗ ನೀರು ಚಿಮ್ಮಿಸಿ ಮುಂದೆ ನುಗ್ಗಿದವನಿಗೆ ಜನ ಕೇಕೆ ಹಾಕುತ್ತಾರೆ. ನೀವು ಅವನ ಮುಖವನ್ನು ನೋಡಿ. ಅದು ಗುರಿಯ ಕಡೆಗೇ ನಿಂತಿದೆಯೋ, ಅಥವಾ ಒಮ್ಮೆ ನಿಮ್ಮ ಕಡೆಗೆ ಒಮ್ಮೆ ಆಚೆ ದಡದ ಕಡೆಗೆ ತಿರುಗುತ್ತಿದೆಯೋ? ಬುಟ್ಟಿ ಒಂದು ಸುತ್ತು ಸುತ್ತಿತೆಂದರೆ ನಾಲ್ಕಾರು ಹುಟ್ಟಿನ ದುಡಿಮೆ ನೀರುಪಾಲಾಯಿತೆಂದು ತಿಳಿಯಿರಿ. ಸದ್ದಿಲ್ಲದೆ, ಮುಖ ತಿರುಗಿಸದೆ ಬರುತ್ತಿರುವವನ ಮೇಲೆ ಕಣ್ಣಿಡಿ. ಪಂದ್ಯದ ಅರ್ಧ ಮುಗಿಯುವ ವೇಳೆಗೆ ಅವನು ಮುಂದಿರುತ್ತಾನೆ. ಹೊಳೆಯಲ್ಲಿ ದಡದಿಂದ ದಡಕ್ಕೆ ಹೋಗುವುದಾದರೆ ಇನ್ನೂ ಒಂದು ವಿಷಯವುಂಟು. ಅನುಭವಸ್ಥನು ಎದುರಿಗಿರುವ ಮೆಟ್ಟಿಲಿಗೆ ಗುರಿಯಿಡುವುದಿಲ್ಲ. ಅದಕ್ಕಿಂತ ಮೇಲಕ್ಕೆ, ಹರಿವಿಗೆ ಎದುರಾಗಿ ಸಾಗುತ್ತಾನೆ. ಸೆಳವು ಅವನನ್ನು ಕೆಳಕ್ಕೆ ತಂದು ಸರಿಯಾಗಿ ಮೆಟ್ಟಿಲಿಗೇ ಮುಟ್ಟಿಸುತ್ತದೆ. ನೋಡುವವರಿಗೆ ಅವನು ದಾರಿ ತಪ್ಪಿದನೆಂದು ತೋರಬಹುದು. ಮುಗಿಯುವವರೆಗೆ ತಾಳಿ.

ಹಂಪಿ ಉತ್ಸವದ ಅಂಗವಾಗಿ ಕಮಲಾಪುರದ ಕೆರೆಯಲ್ಲಿ ಹರಿಗೋಲಿನ ಸ್ಪರ್ಧೆಗಳು ನಡೆದಿವೆ. ಕೆರೆಯಲ್ಲಿ ಸೆಳವಿಲ್ಲದ್ದರಿಂದ ತೋಳಿನ ಬಲಕ್ಕೆ ಹೆಚ್ಚು ಮನ್ನಣೆ. ಅದೂ ಚೆನ್ನವೇ. ಆದರೂ ನೀರನ್ನು ಓದಬಲ್ಲವನ ಜಾಣತನ ಬಯಲಾಗುವುದು ಹೊಳೆಯಲ್ಲಿ ಮಾತ್ರವೆಂದು ನನ್ನ ಅಭಿಪ್ರಾಯ. ಪಂದ್ಯವಿಲ್ಲದ ದಿನಗಳಲ್ಲೂ ಆನೆಗೊಂದಿಯ ದಡದಲ್ಲಿ ಕುಳಿತು, ಯಾತ್ರಿಕರನ್ನು ನವಬೃಂದಾವನದ ನಡುಗಡ್ಡೆಗೆ ದಾಟಿಸುವವರ ಕೈಯನ್ನು ನೋಡುತ್ತ ಹೋದರೆ ಇದು ತಿಳಿಯುತ್ತದೆ. ಪಾನಗೃಹ ಬೇಡ; ಒಂದು ತಟ್ಟೆ ಮಂಡಾಳ ಒಗ್ಗರಣೆ, ಎರಡು ಮಿರ್ಚಿ, ಒಂದು ಲೋಟ ಚಹಾ ಸಾಕು.

ಹೊಳೆಯಂಚಿನ ಫಲಾಹಾರದ ಮನೆಗಳೆಂದರೆ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡಿಯ ಮಾತು ಬಾರದಿರದು. ಹಂಪಿಯ ಎದುರು ದಡದ ಆ ಗಡ್ಡಿಯಲ್ಲಿ ದೇಶವಿದೇಶದವರು ಬಂದು ತಂಗುವ ವಸತಿಗಳೂ ತಿಂಡಿಮನೆಗಳೂ ಎದ್ದಿದ್ದುವು. ಅಲ್ಲಿ ದಿಂಬಿಗೊರಗಿ ಕುಳಿತು ಭತ್ತದ ಗದ್ದೆಯನ್ನೂ ಹೊಳೆಯನ್ನೂ ನೋಡುತ್ತ ದಿನ ಕಳೆಯುವವರಿದ್ದರು. ಅವು ಸಂರಕ್ಷಿತ ಪ್ರದೇಶದಲ್ಲಿ ಅಕ್ರಮವಾಗಿ ಕಟ್ಟಿದುವೆಂದು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಮಾರ್ಚಿನಲ್ಲಿ ಅವನ್ನು ತೆರವು ಮಾಡಲಾಯಿತು. ನ್ಯಾಯ ನ್ಯಾಯವೇ. ಆದರೆ ಅಲ್ಲಿಗೆ ಬರುವವರನ್ನು ದಾಟಿಸಿ ನಾಲ್ಕು ಕಾಸು ಕಾಣುತ್ತಿದ್ದ ಅಂಬಿಗನ ಲೆಕ್ಕ ಯಾವ ಕಡತದಲ್ಲೂ ದೊಡ್ಡದಾಗಿ ಕಾಣಿಸಲಿಲ್ಲ.

ಸೇತುವೆಯ ಕಥೆಯೂ ಹಾಗೆಯೇ. 1986ರಲ್ಲಿ ಹಂಪಿಯ ಸ್ಮಾರಕಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಆನೆಗೊಂದಿ ಮತ್ತು ವಿರೂಪಾಪುರಗಡ್ಡಿಗಳಲ್ಲಿ ಸೇತುವೆ ಕಟ್ಟಹೊರಟದ್ದೇ ಮುಖ್ಯ ಕಾರಣವಾಗಿ 1999ರಲ್ಲಿ ಅವನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿದರು, 2006ರಲ್ಲಿ ತೆಗೆದರು. ಆನೆಗೊಂದಿ ತಳವಾರಘಟ್ಟಗಳ ನಡುವೆ ಅರೆಬರೆ ನಿಂತಿದ್ದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಮುಂದೆ ಕಡೆಬಾಗಿಲು ಬುಕ್ಕಸಾಗರಗಳ ನಡುವೆ ಬೇರೊಂದು ಸೇತುವೆಯಾಯಿತು. ಬಸುರಿ ಹೆಂಗಸನ್ನು ರಾತ್ರಿಯ ಹೊತ್ತು ಬುಟ್ಟಿಯಲ್ಲಿ ದಾಟಿಸಬೇಕಾಗಿದ್ದ ಊರಿನವರಿಗೆ ಸೇತುವೆ ಬೇಡವೆಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ದಾಟಿಸುವ ಕೆಲಸ ಕಡಿಮೆಯಾದಂತೆ ಹುಟ್ಟು ಹಿಡಿಯುವ ಹುಡುಗರೂ ಕಡಿಮೆಯಾಗುತ್ತಾರೆ. ಬಿದಿರು ಸೀಳಿ ಬುಟ್ಟಿ ಹೆಣೆಯುವ ಕೈಗಳೂ ಅಷ್ಟೇ. ವರುಷಕ್ಕೊಮ್ಮೆಯಾದರೂ ತಪ್ಪದೆ ನಡೆಯುವ ಒಂದು ಪಂದ್ಯವನ್ನು, ಡಾಗೆಟ್ಟನಂತೆ, ಈ ಹುಡುಗರಿಗೆಂದೇ ಯಾರಾದರೂ ಆನೆಗೊಂದಿಯ ಹೊಳೆಯಲ್ಲಿ ಇಡಬಾರದೆ? ಕೆಂಪು ಕೋಟು ಬೇಡ, ನಮ್ಮ ಬಿಸಿಲಿಗೆ ಅದು ಶಿಕ್ಷೆಯಾದೀತು. ಒಂದು ಬೆಳ್ಳಿಯ ಕಡಗ ಸಾಕು.

ನೋಡಹೋಗುವವರಿಗೆ ಕೊನೆಯ ಒಂದು ಮಾತು. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ನವಬೃಂದಾವನದ ಗಡ್ಡೆಯೇ ಮುಳುಗುವುದುಂಟು. ಆಗ ಹರಿಗೋಲು ಇಳಿಸುವುದಿಲ್ಲ, ಇಳಿಸೆಂದು ಅಂಬಿಗನನ್ನು ಪೀಡಿಸಲೂ ಬಾರದು. ಮಳೆ ನಿಂತು ಹೊಳೆ ತಿಳಿಯಾದ ಮೇಲೆ, ಚಳಿಗಾಲದ ಬೆಳಗ್ಗೆ, ಬಿಸಿಲೇರುವ ಮುನ್ನ ಬನ್ನಿ. ಬುಟ್ಟಿಯೊಳಗೆ ಕೂರುವುದಾದರೆ ತೇಲುವ ಜಾಕೆಟ್ಟು ಕೇಳಿ ಹಾಕಿಕೊಳ್ಳಿ, ನಡುವೆ ಎದ್ದು ನಿಲ್ಲಬೇಡಿ. ಅಂಬಿಗನು ತಮಾಷೆಗಾಗಿ ಬುಟ್ಟಿಯನ್ನು ಗಿರಗಿರನೆ ತಿರುಗಿಸಲೇ ಎಂದು ಕೇಳುತ್ತಾನೆ. ಬೇಡವೆನ್ನಿ, ನೆಟ್ಟಗೆ ಹೋಗಿ ತೋರಿಸು ಎನ್ನಿ.