ದುಬೈನಲ್ಲಿ 18 ಗಂಟೆ, ಕಣ್ಣೆಲ್ಲ 19ನೇ ಗೇಟಿನ ಮೇಲೆ

ಲಂಡನ್‌ನಿಂದ ಬೆಂಗಳೂರಿಗೆ ವಾಪಸ್ ಬರುವಾಗ ಬೇಕಂತಲೇ ದುಬೈನಲ್ಲಿ 18 ಗಂಟೆ ಗ್ಯಾಪ್ ಇರುವ ಟಿಕೆಟ್ ಬುಕ್ ಮಾಡಿದ್ದೆ. ಒಂದು, ಟಿಕೆಟ್ ಅಗ್ಗ ಇತ್ತು. ಇನ್ನೊಂದು, ಅಲ್ಲಿ ನನ್ನ ಸೋದರಮಾವ ಇದ್ದಾರೆ. ಕಂಪ್ಲಿಯವರು, ಅಮ್ಮನ ತಮ್ಮ. ಭಾನುವಾರ ಅವರಿಗೆ ರಜೆ. ಬುರ್ಜ್ ಖಲೀಫಾ ಮುಂದೆ ಒಂದು ಫೋಟೊ, ಮಾವನ ಜೊತೆ ಒಂದು ಊಟ, ರಾತ್ರಿ ವಿಮಾನ. ನನ್ನ ಪ್ಲ್ಯಾನ್ ಇಷ್ಟೇ.

ಅವತ್ತು 2024ರ ಆಗಸ್ಟ್ 11. ಬೆಳಗ್ಗೆ ವಿಮಾನ ಇಳಿದು ಏರ್‌ಪೋರ್ಟ್ ವೈಫೈಗೆ ಫೋನ್ ಸೇರಿಸಿದ್ದೇ ತಡ, ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನೂರಾರು ಮೆಸೇಜು. ಯಾರಿಗೋ ಏನೋ ಆಗಿದೆ ಅಂತ ಎದೆ ಧಸಕ್ಕೆಂದಿತು. ಮೊದಲ ವಿಡಿಯೊ ತೆರೆದರೆ ಕತ್ತಲಲ್ಲಿ ನೀರಿನ ಮೊರೆತ. ಹಿಂದಿನ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ, ಗೇಟೇ ಕೊಚ್ಚಿಕೊಂಡು ಹೋಗಿತ್ತು.

ನಾನು ಹೊಸಪೇಟೆ ಹುಡುಗಿ. ನಮಗೆ ಡ್ಯಾಮ್ ಅಂದರೆ ಟೂರಿಸ್ಟ್ ಸ್ಪಾಟ್ ಅಲ್ಲ, ಮನೆಯ ಹಿರಿಯರಿದ್ದ ಹಾಗೆ. 33 ಗೇಟು ಅನ್ನೋದು ಒಂದನೇ ಕ್ಲಾಸಿನ ಮಕ್ಕಳಿಗೂ ಬಾಯಿಪಾಠ. ಅದರಲ್ಲಿ ಒಂದು ಇಲ್ಲ ಅಂದರೆ ನಂಬೋದು ಹೇಗೆ?

ಅಮ್ಮನಿಗೆ ವಾಟ್ಸ್‌ಆ್ಯಪ್ ಕಾಲ್ ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ. ಹೋಗಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡೆ. ವಿಷಯ ಅದಲ್ಲ. ಯುಎಇಯಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಹೋಗುತ್ತೆ, ಕಾಲ್ ಹೋಗಲ್ಲ. ಅಲ್ಲಿರುವ ನಮ್ಮವರೆಲ್ಲ ಬಾಟಿಮ್ ಅನ್ನೋ ಆ್ಯಪ್ ಬಳಸುತ್ತಾರೆ. ನೀವೂ ಆ ಕಡೆ ಹೋಗುವವರಾದರೆ ಮನೆಯವರ ಫೋನಿಗೂ ಅದನ್ನು ಮೊದಲೇ ಹಾಕಿಸಿ. ಇನ್ನೊಂದು ಮಾತು, ಹೀಗೆ ಇಳಿದು ಊರು ನೋಡೋಕೆ 48 ಗಂಟೆ ಅಥವಾ 96 ಗಂಟೆಯ ಟ್ರಾನ್ಸಿಟ್ ವೀಸಾ ಸಿಗುತ್ತೆ. ಆದರೆ ಅಲ್ಲಿನ ವಿಮಾನ ಕಂಪನಿಯ ಮೂಲಕ, ಹೊರಡುವ ಮುಂಚೆಯೇ ಮಾಡಿಸಿರಬೇಕು. ಇಳಿದ ಮೇಲೆ ಕೇಳಿದರೆ ಕೊಡಲ್ಲ.

ಹೊರಗೆ ಮಾವ ನಿಂತಿದ್ದರು. ಐದು ವರ್ಷದ ಮೇಲೆ ನೋಡ್ತಿರೋದು. ಕೂದಲು ಬೆಳ್ಳಗಾಗಿದೆ. "ಬಂದ್ಯಾ ಅವ್ವಾ" ಅಂದವರೇ ನನ್ನ ಬ್ಯಾಗ್ ಕಿತ್ಕೊಂಡು, "ವಿಡಿಯೊ ನೋಡ್ದ್ಯಾ?" ಅಂದ್ರು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ ಅಂತ ಮುಖವೇ ಹೇಳುತ್ತಿತ್ತು. ಅಜ್ಜಿ, ಅತ್ತೆ ಇರೋದು ಕಂಪ್ಲಿ ಕೋಟೆಯಲ್ಲಿ, ಹೊಳೆ ಪಕ್ಕದಲ್ಲೇ. ಹೊಳೆ ಜಾಸ್ತಿ ಬಂದರೆ ಹಂಪಿಯಲ್ಲಿ ಮೊದಲು ಪುರಂದರ ಮಂಟಪ ಮುಳುಗುತ್ತೆ, ಆಮೇಲೆ ಕಂಪ್ಲಿ ಸೇತುವೆ, ಆಮೇಲೆ ಕೋಟೆಯ ಮನೆಗಳ ಸರದಿ. ಹುಷಾರಾಗಿರಿ ಅಂತ ದಂಡೆಯವರಿಗೆಲ್ಲ ಹೇಳಿಯಾಗಿತ್ತು. ಅಜ್ಜಿ ಮಾತ್ರ "ಇಂಥಾವು ಎಷ್ಟು ನೋಡೀನಿ" ಅಂತ ಕೂತಲ್ಲಿಂದ ಎದ್ದಿರಲಿಲ್ಲವಂತೆ.

"ಎಲ್ಲೂ ಬೇಡ ಮಾವ, ನಿಮ್ಮ ರೂಮಿಗೇ ಹೋಗಿ ಕೂತ್ಕೊಳ್ಳೋಣ" ಅಂದೆ. ಮಾವ ನಕ್ಕರು. "ಕೂತು ಏನ್ ಮಾಡ್ತಿ? ಇಲ್ಲಿಂದ ಗೇಟು ಹಿಡಿಯಾಕ ಆಕ್ಕೈತೇನು? ನಡಿ." ಅವರ ರೂಮನ್ನು ನನಗೆ ತೋರಿಸೋಕೆ ಅವರಿಗೆ ಇಷ್ಟವಿರಲಿಲ್ಲ ಅನ್ನೋದು ನನಗೆ ಸಂಜೆ ಹೊತ್ತಿಗೆ ಅರ್ಥವಾಯಿತು. ಅದು ರೂಮಲ್ಲ, ಬೆಡ್ ಸ್ಪೇಸ್. ಆರು ಜನರ ಕೋಣೆಯಲ್ಲಿ ಒಂದು ಮಂಚದ ಬಾಡಿಗೆ.

ಮೆಟ್ರೊ ಹತ್ತಿದೆವು. ಏರ್‌ಪೋರ್ಟ್ ಒಳಗೇ ಸ್ಟೇಷನ್ ಇದೆ, ನೋಲ್ ಕಾರ್ಡ್ ತಗೊಂಡರೆ ಆಯ್ತು. ಭಾನುವಾರ ಮಾತ್ರ ಬೆಳಗ್ಗೆ ಎಂಟಕ್ಕೆ ಶುರು. ಡ್ರೈವರ್ ಇಲ್ಲದ ರೈಲು, ಮುಂದಿನ ಗಾಜಿನ ಹತ್ತಿರ ನಿಂತರೆ ಇಡೀ ಊರು ಎದುರಿಗೇ ಬರುತ್ತೆ. ಒಳಗೆ ಏನೂ ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ಅಮ್ಮನಿಗೆ ಮೆಸೇಜ್ ಟೈಪ್ ಮಾಡುತ್ತಾ ನಾನು ಬಾಟಲಿ ಎತ್ತಿದ್ದೆ, ಮಾವ ಕೈ ಹಿಡಿದು ಇಳಿಸಿದರು. ನೂರು ದಿರ್ಹಮ್ ದಂಡವಂತೆ.

ಬುರ್ಜುಮಾನ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಇಳಿದದ್ದು ಹಳೇ ದುಬೈಗೆ. ನನ್ನ ಕೇಳಿದರೆ, ನಿಮ್ಮ ಹತ್ತಿರ ಅರ್ಧ ದಿನ ಮಾತ್ರ ಇದ್ದರೆ ಮೊದಲು ಇಲ್ಲಿಗೇ ಬನ್ನಿ. ಅಲ್ ಫಹೀದಿ ಓಣಿಗಳಲ್ಲಿ ಹವಳದ ಕಲ್ಲಿನಿಂದ ಕಟ್ಟಿದ ಮನೆಗಳು, ಅವುಗಳ ಮೇಲೆ ಬರ್ಜೀಲ್ ಅಂತ ಗಾಳಿಗೋಪುರಗಳು. ಎತ್ತರದಲ್ಲಿ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಉಪಾಯ. ಕರೆಂಟ್ ಇಲ್ಲದ ಕಾಲದ ಏಸಿ. ಹಂಪಿಯ ಕಮಲ ಮಹಲಿನೊಳಗೆ ಮಟಮಟ ಮಧ್ಯಾಹ್ನದಲ್ಲೂ ತಣ್ಣಗಿರುತ್ತಲ್ಲ, ಆ ನೆನಪಾಯಿತು. ಆದರೆ ಆಗಸ್ಟಿನಲ್ಲಿ ಯಾವ ಗೋಪುರವೂ ಏನೂ ಮಾಡಲಾರದು. ಒಂಬತ್ತೂವರೆಗೇ ಒಲೆ ಮುಂದೆ ನಿಂತಂತಿತ್ತು. ಸಾಧ್ಯವಾದರೆ ನವೆಂಬರ್‌ನಿಂದ ಫೆಬ್ರುವರಿ ಒಳಗೆ ಹೋಗಿ.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಕ್ರೀಕ್. ಆಚೆ ದಡಕ್ಕೆ ಹೋಗೋಕೆ ಅಬ್ರಾ ಅನ್ನುವ ಮರದ ದೋಣಿ, ಬೆಲೆ ಒಂದು ದಿರ್ಹಮ್. ಇಡೀ ದುಬೈನಲ್ಲಿ ಇದಕ್ಕಿಂತ ಸೋವಿಯಾದ, ಇದಕ್ಕಿಂತ ಚೆಂದದ ಸವಾರಿ ಇಲ್ಲ. ಮಾವ ನೀರಿಗೆ ಕೈ ಇಳಿಬಿಟ್ಟು, "ಬಂದ ಹೊಸತರಾಗ ಇದನ್ನ ಹೊಳಿ ಅಂತ ತಿಳ್ಕೊಂಡು ಬಾಯಿಗೆ ಹಾಕ್ಕೊಂಡಿದ್ದೆ ನೋಡು. ಥೂ, ಉಪ್ಪು" ಅಂದ್ರು. ಕ್ರೀಕ್ ಅಂದರೆ ಒಳನುಗ್ಗಿದ ಸಮುದ್ರ. ಈ ಊರಿಗೆ ನದಿಯೇ ಇಲ್ಲ. ಕುಡಿಯುವ ನೀರು ಹೆಚ್ಚುಕಮ್ಮಿ ಪೂರ್ತಿ ಸಮುದ್ರದ್ದೇ, ಉಪ್ಪು ತೆಗೆದು ಪೈಪಿಗೆ ಬಿಟ್ಟದ್ದು. ದಡದಲ್ಲಿ ಸಾಮಾನು ತುಂಬುತ್ತಿದ್ದ ಮರದ ಹಡಗುಗಳನ್ನು ಕಂಡಾಗ ಹಜಾರರಾಮ ದೇವಸ್ಥಾನದ ಗೋಡೆಯ ಕುದುರೆಗಳು ನೆನಪಾದವು. ವಿಜಯನಗರದ ಅರಸರು ವರ್ಷಕ್ಕೆ 13 ಸಾವಿರ ಕುದುರೆ ಕೊಳ್ಳುತ್ತಿದ್ದರು ಅಂತ ಪೋರ್ಚುಗೀಸರ ನೂನಿಜ್ ಬರೆದಿದ್ದಾನೆ. ಅವು ಬರುತ್ತಿದ್ದದ್ದು ಇದೇ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್‌ನಿಂದ. ಆಗ ಇಲ್ಲಿಯವರು ನಮ್ಮೂರಿಗೆ ದುಡ್ಡು ಹುಡುಕಿಕೊಂಡು ಬರುತ್ತಿದ್ದರು.

ಚಿನ್ನದ ಮಾರುಕಟ್ಟೆಯನ್ನು ಹತ್ತು ನಿಮಿಷದಲ್ಲಿ ಮುಗಿಸಿದೆವು. ಕೊಳ್ಳುವ ಶಕ್ತಿ ಇಲ್ಲದವರಿಗೆ ಅಷ್ಟು ಸಾಕು.

ಮತ್ತೆ ಈಚೆ ದಡಕ್ಕೆ ಬಂದು ಮೀನಾ ಬಜಾರಿನಲ್ಲಿ ದೋಸೆ ತಿಂದೆವು. "ಇಲ್ಲಿ ಎಲ್ಲಾ ಸಿಗ್ತೈತೆ, ನಮ್ ಒಗ್ಗರಣೆ-ಮಿರ್ಚಿ ಒಂದ್ ಬಿಟ್ಟು" ಅಂತ ಮಾವ. ಅಲ್ಲೇ ಕೂತು ಬಾಟಿಮ್‌ನಲ್ಲಿ ಅತ್ತೆಗೆ ಫೋನು. ನೀರು ಇನ್ನೂ ಕೋಟೆ ಮನೆಗಳ ಹತ್ತಿರ ಬಂದಿಲ್ಲ. ಆದರೆ ಆ ಒಂದೇ ಗೇಟಿನಿಂದ 35 ಸಾವಿರ ಕ್ಯೂಸೆಕ್ ಹೋಗ್ತಿದೆ, ಒತ್ತಡ ಕಮ್ಮಿ ಮಾಡೋಕೆ ಉಳಿದ ಗೇಟುಗಳನ್ನೂ ತೆಗೆದಿದ್ದಾರೆ, ಹೊಸದನ್ನು ಕೂರಿಸಬೇಕಾದರೆ ಜಲಾಶಯವನ್ನೇ ಇಳಿಸಬೇಕಂತೆ. ಮಾವ ದೋಸೆ ಅರ್ಧಕ್ಕೇ ಬಿಟ್ಟರು.

ಆಗ ಹೇಳಿದರು. ಅವರು ದುಬೈಗೆ ಬಂದದ್ದು 2011ರ ಕೊನೆಗೆ. ಅದಕ್ಕೂ ಮುಂಚೆ ಸಾಲ ಮಾಡಿ ಎರಡು ಲಾರಿ ಇಟ್ಟಿದ್ದರು. ಸಂಡೂರಿನ ಗಣಿಯಿಂದ ಅದಿರು ಹೊಡೆಯೋದು. ಆ ಕಾಲದ ಹೊಸಪೇಟೆ ನನಗೂ ನೆನಪಿದೆ, ರಸ್ತೆ ತುಂಬ ಲಾರಿ, ಒಣಹಾಕಿದ ಬಟ್ಟೆಯೆಲ್ಲ ಕೆಂಪು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅದು ಸರಿಯೇ, ಬೆಟ್ಟ ಉಳಿಯಿತು. ಮಾವನ ಲಾರಿಗಳು ಉಳಿಯಲಿಲ್ಲ. ಫೈನಾನ್ಸಿನವರು ಎಳ್ಕೊಂಡು ಹೋದರು. ಅವತ್ತಿಂದ ಇಲ್ಲಿ ಕಂಪನಿ ವ್ಯಾನ್ ಓಡಿಸ್ತಿದ್ದಾರೆ. ಸಾಲ ತೀರಿ, ಅಡವಿಟ್ಟಿದ್ದ ಮೂರು ಎಕರೆ ಗದ್ದೆ ಬಿಡಿಸಿಕೊಂಡದ್ದು ಹೋದ ವರ್ಷ. ಈ ಸಲ ಕೋರಿಗೆ ಕೊಟ್ಟಿದ್ದಾರೆ, ಮುಂದಿನ ಸಲ ತಾವೇ ಹೋಗಿ ನಾಟಿ ಮಾಡಿಸಬೇಕು ಅಂತ ಆಸೆ. ವೀಸಾ ಅಕ್ಟೋಬರ್‌ಗೆ ಮುಗಿಯುತ್ತೆ.

"ಲಾರಿ ಇದ್ದಾಗ ಗಣಿ ನಿಂತ್ತು, ಗದ್ದಿ ಬಂದಾಗ ನೀರು ಹೋತು" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಮಧ್ಯಾಹ್ನ ದುಬೈ ಮಾಲ್. ಸ್ಟೇಷನ್‌ನಿಂದ ಮಾಲಿಗೆ ಏಸಿ ಹಾಕಿದ ಸೇತುವೆ ಇದೆ, ನಡೆದಷ್ಟೂ ಮುಗಿಯಲ್ಲ, ಗಟ್ಟಿ ಚಪ್ಪಲಿ ಹಾಕಿಕೊಳ್ಳಿ. ಬೇಸಿಗೆಯ ಮೂರು ತಿಂಗಳು ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೂಲಿ ಮಾಡಿಸುವಂತಿಲ್ಲ ಅಂತ ಕಾನೂನೇ ಇದೆ. ಪ್ರವಾಸಿಗರೂ ಪಾಲಿಸುವುದು ಒಳ್ಳೆಯದು. ಬುರ್ಜ್ ಖಲೀಫಾದ ಮೇಲೆ ನಾವು ಹತ್ತಲಿಲ್ಲ. ಟಿಕೆಟ್ ದುಬಾರಿ. 828 ಮೀಟರ್ ಎತ್ತರವನ್ನು ಬುಡದಲ್ಲಿ ನಿಂತು ಕತ್ತೆತ್ತಿ ನೋಡೋದು ಪುಕ್ಕಟೆ, ನನಗೆ ಅದೇ ಚೆನ್ನಾಗಿತ್ತು. ಏಪ್ರಿಲ್ 16ರ ಮಳೆಯ ಕತೆಯನ್ನು ಮಾವ ಅಲ್ಲೇ ಹೇಳಿದರು. 1949ರಿಂದ ಲೆಕ್ಕ ಇಡೋಕೆ ಶುರು ಮಾಡಿದ ಮೇಲೆ ಅಂಥ ಮಳೆ ಆ ದೇಶದಲ್ಲಿ ಬಿದ್ದಿರಲಿಲ್ಲ. ರನ್‌ವೇ ಕೆರೆಯಾಗಿ, ರಸ್ತೆಯಲ್ಲಿ ಕಾರುಗಳು ತೇಲಿ, ಮಾವ ವ್ಯಾನಿನ ಟಾಪ್ ಮೇಲೆ ಕೂತಿದ್ದರಂತೆ. "ಹೊಳಿ ದಂಡಿಯವ, ಮರಳುಗಾಡಿನಾಗ ಮುಳುಗ್ತಿದ್ದೆ."

ಸಂಜೆ ಆರಕ್ಕೆ ಕಾರಂಜಿ ಶುರುವಾಯಿತು. ಗೋಪುರದ ಬುಡದ ಕೊಳದಲ್ಲಿ, ಹಾಡಿಗೆ ತಕ್ಕ ಹಾಗೆ, 150 ಮೀಟರ್‌ವರೆಗೂ ಚಿಮ್ಮುವ ನೀರು. ಸುತ್ತ ಸಾವಿರಾರು ಜನ ಫೋನ್ ಎತ್ತಿ ಹಿಡಿದಿದ್ದರು. ಮಾವನ ಕೈಯಲ್ಲೂ ಫೋನ್ ಇತ್ತು. ಆದರೆ ಅವರು ನೋಡುತ್ತಿದ್ದದ್ದು ಹೊಸಪೇಟೆಯಿಂದ ಬಂದ ಹೊಸ ವಿಡಿಯೊ. ಹಗಲು ಬೆಳಕಲ್ಲಿ ತೆಗೆದದ್ದು. ಸಾಲಾಗಿ ನಿಂತ ಗೇಟುಗಳ ನಡುವೆ ಒಂದು ಕಡೆ ಹಲ್ಲು ಬಿದ್ದಂಥ ಜಾಗ, ಅಲ್ಲಿಂದ ಹೊರಗೆ ಹಾರುತ್ತಿರುವ ನೀರು.

"ಇದರಾಗ ಒಂದ್ ಹನಿನೂ ಹೊರಗ ಹೋಗಂಗಿಲ್ಲ ನೋಡು" ಅಂದರು ಕಾರಂಜಿ ಕಡೆ ಕಣ್ಣು ಮಾಡಿ. "ಅದೇ ನೀರು, ದಿನಾ ತಿರಿಗಿ ತಿರಿಗಿ."

ಬುರ್ಜ್ ಖಲೀಫಾ ಮುಂದಿನ ಫೋಟೊದಲ್ಲಿ ನಾನೊಬ್ಬಳೇ ಇದ್ದೇನೆ. ಮಾವ ತೆಗೆದದ್ದು, ಸ್ವಲ್ಪ ಅಲುಗಾಡಿದೆ.

ಏರ್‌ಪೋರ್ಟಿನಲ್ಲಿ ಬಿಡುವಾಗ ಅಜ್ಜಿಗೆ ಅಂತ ಖರ್ಜೂರದ ಎರಡು ಡಬ್ಬಿ ಕೊಟ್ಟರು. ಮಂಗಳವಾರ ಕಂಪ್ಲಿಗೆ ಹೋಗಿ ಕೊಟ್ಟೆ. ನೀರು ಮನೆ ಮುಟ್ಟಿರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ, 17ನೇ ತಾರೀಖಿನ ಹೊತ್ತಿಗೆ ನೀರು ನಿಲ್ಲಿಸಿದರು. ಮಾವನ ವಾಯ್ಸ್ ಮೆಸೇಜ್ ಬಂತು, ಒಂದೇ ಮಾತು: "ನಿಂತ್ತವ್ವಾ." ಮಳೆಯೂ ಕೈಬಿಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಡ್ಯಾಮ್ ಮತ್ತೆ ತುಂಬಿತು, ಗದ್ದೆಯ ಬತ್ತವೂ ಕೈಗೆ ಬಂತು.

ಅಕ್ಟೋಬರ್‌ನಲ್ಲಿ ಮಾವ ವೀಸಾವನ್ನು ಇನ್ನೆರಡು ವರ್ಷಕ್ಕೆ ಮಾಡಿಸಿಕೊಂಡರು. ಅಮ್ಮ ಒಂದು ವಾರ ಅವರ ಫೋನ್ ಎತ್ತಲಿಲ್ಲ.