ಮಂಜು ಸರಿದರೆ ಭಯ ಉಳಿದೀತೆ?

ಮಲೆನಾಡಿನಲ್ಲಿ ಮಳೆಗಾಲದ ಮಾತುಕತೆಗೆ ವಿಷಯದ ಬರವಿಲ್ಲ. ಕಾಫಿಯ ಧಾರಣೆ, ಅಡಿಕೆಯ ಕೊಳೆರೋಗ, ಹೋದ ಕರೆಂಟು, ತೋಟಕ್ಕೆ ಇಳಿದ ಆನೆ, ರಾಜಕೀಯ ಎಂದು ಅದು ದಿನವಿಡೀ ಸಾಗುತ್ತದೆ. ಈಚಿನ ವರ್ಷಗಳಲ್ಲಿ ಮೂಡಿಗೆರೆ, ಕಳಸದ ಕಡೆಯ ನಮ್ಮ ಬಂಧುಗಳ ಮನೆಗಳಲ್ಲಿ ಇದಕ್ಕೆ ಇನ್ನೊಂದು ವಿಷಯ ಸೇರಿಕೊಂಡಿದೆ. ಬೆಂಗಳೂರಿನಿಂದ ರಜೆಗೆ ಬಂದ ಮೂವತ್ತು, ನಲವತ್ತರ ಪ್ರಾಯದವರು ಜಪಾನಿನ ವಿಡಿಯೊ ಗೇಮ್ ಸರಣಿಯೊಂದು ಹಾಳಾದದ್ದು ಯಾವಾಗ, ಯಾರಿಂದ ಎಂದು ಗಂಟೆಗಟ್ಟಲೆ ವಾದಿಸುತ್ತಾರೆ. ಸರಣಿಯ ಹೆಸರು ‘ಸೈಲೆಂಟ್ ಹಿಲ್’. ಹಿರಿಯರಿಗೆ ಇದು ಕೆಲಸವಿಲ್ಲದವರ ಹರಟೆಯೆನಿಸುತ್ತದೆ. ನನಗೆ ಹಾಗೆನಿಸಿಲ್ಲ. ಆ ವಾದದೊಳಗೆ ಕಲೆಯ ಬಗೆಗೂ ನಮ್ಮ ಬೆಟ್ಟಗಳ ಬದುಕಿನ ಬಗೆಗೂ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ.

‘ಸೈಲೆಂಟ್ ಹಿಲ್’ ಅನ್ನು ಕೊನಾಮಿ ಎಂಬ ಕಂಪನಿ 1999ರಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರತಂದಿತು. ಸರ್ವೈವಲ್ ಹಾರರ್ ಎಂದು ಕರೆಯಲಾಗುವ ಪ್ರಕಾರ ಇದು; ಶತ್ರುವನ್ನು ಗೆಲ್ಲುವುದಕ್ಕಿಂತ ಹೇಗಾದರೂ ಬದುಕುಳಿಯುವುದೇ ಇಲ್ಲಿ ಗುರಿ. ಮೊದಲ ಆಟದ ನಾಯಕ ಹ್ಯಾರಿ ಮೇಸನ್ ಒಬ್ಬ ಬರಹಗಾರ. ಮಂಜು ಮುಸುಕಿದ ನಿರ್ಜನ ಪಟ್ಟಣದಲ್ಲಿ ಕಳೆದುಹೋದ ಮಗಳನ್ನು ಹುಡುಕುವ ಸಾಮಾನ್ಯ ಮನುಷ್ಯ. ಅವನ ಗುರಿ ತಪ್ಪುತ್ತದೆ, ಓಡಿದರೆ ಏದುಸಿರು ಬರುತ್ತದೆ. ಅವನ ಬಳಿಯಿರುವುದು ಒಂದು ಟಾರ್ಚು ಮತ್ತು ಒಂದು ಪುಟ್ಟ ರೇಡಿಯೊ. ವಿಕಾರ ಜೀವಿಗಳು ಹತ್ತಿರ ಬಂದಾಗ ಆ ರೇಡಿಯೊ ಕರಕರ ಸದ್ದು ಮಾಡುತ್ತದೆ. ಏನೋ ಬರುತ್ತಿದೆಯೆಂದು ತಿಳಿಯುತ್ತದೆ. ಏನೆಂದು, ಯಾವ ದಿಕ್ಕಿನಿಂದೆಂದು ತಿಳಿಯುವುದಿಲ್ಲ. ಆಟಗಾರನ ಎದೆ ನಡುಗುವುದು ಈ ಅರೆತಿಳಿವಿನಲ್ಲಿ.

ಆ ಪ್ರಸಿದ್ಧ ಮಂಜಿನ ಮೂಲ ಇನ್ನೂ ಸ್ವಾರಸ್ಯಕರವಾದದ್ದು. ಅಂದಿನ ಯಂತ್ರಕ್ಕೆ ಇಡೀ ಪಟ್ಟಣವನ್ನು ಒಮ್ಮೆಗೇ ಚಿತ್ರಿಸುವ ಶಕ್ತಿಯಿರಲಿಲ್ಲ. ದೂರದ ಬೀದಿಗಳನ್ನು ಮರೆಮಾಡಲು ತಯಾರಕರು ಮಂಜನ್ನೂ ಕತ್ತಲನ್ನೂ ಬಳಸಿಕೊಂಡರು. ಯಂತ್ರದ ಬಡತನವನ್ನು ಮುಚ್ಚಲು ಹೊದಿಸಿದ ಬಟ್ಟೆಯೇ ಆ ಆಟದ ಆತ್ಮವಾಯಿತು. 2001ರ ಎರಡನೆಯ ಭಾಗದ ಹೊತ್ತಿಗೆ ಯಂತ್ರ ಬಲಿಷ್ಠವಾಗಿತ್ತು. ಆದರೂ ಮಂಜು ಉಳಿಯಿತು. ಸತ್ತ ಹೆಂಡತಿಯಿಂದ ಪತ್ರ ಬಂದಿದೆಯೆಂದು ಊರಿಗೆ ಬರುವ ಜೇಮ್ಸ್ ಎಂಬವನ ಆ ಕಥೆಯಲ್ಲಿ ಎದುರಾಗುವ ವಿಕಾರಗಳೆಲ್ಲ ಅವನದೇ ಪಾಪಪ್ರಜ್ಞೆಯ ರೂಪಗಳು. ಇಂದಿಗೂ ಅಭಿಮಾನಿಗಳ ಪೈಕಿ ಹೆಚ್ಚಿನವರು ಸರಣಿಯ ಶಿಖರವೆಂದು ಎತ್ತಿ ಹೇಳುವುದು ಇದನ್ನೇ.

ಇಳಿಜಾರು ಎಲ್ಲಿಂದ ಆರಂಭ? ಹಳೆಯ ಅಭಿಮಾನಿಗಳ ಪಕ್ಷದ ಉತ್ತರ ಸ್ಪಷ್ಟವಾಗಿದೆ: 2004ರ ನಾಲ್ಕನೆಯ ಭಾಗದ ನಂತರ. ಅಲ್ಲಿಯವರೆಗೆ ಕೊನಾಮಿಯ ಒಳಗಿನದೇ ತಂಡ ಸರಣಿಯನ್ನು ರೂಪಿಸಿತ್ತು. ಆಮೇಲೆ ಕೆಲಸ ಬ್ರಿಟನ್, ಅಮೆರಿಕ, ಚೆಕ್ ಗಣರಾಜ್ಯದ ಬೇರೆ ಬೇರೆ ಸಂಸ್ಥೆಗಳ ಪಾಲಾಯಿತು. 2008ರ ‘ಹೋಮ್‌ಕಮಿಂಗ್’ ಭಾಗದ ನಾಯಕನನ್ನು ಸೈನಿಕನೆಂದು ಪರಿಚಯಿಸಲಾಯಿತು. ಅವನು ಏಟು ತಪ್ಪಿಸಿಕೊಳ್ಳುವುದನ್ನೂ ತಿರುಗಿ ಹೊಡೆಯುವುದನ್ನೂ ಚೆನ್ನಾಗಿ ಬಲ್ಲವನು. ಎರಡನೆಯ ಭಾಗದಲ್ಲಿ ಜೇಮ್ಸ್‌ನ ಅಪರಾಧಕ್ಕೆ ಮಾತ್ರ ಶಿಕ್ಷೆಯಾಗಿ ಬಂದಿದ್ದ, ಪಿರಮಿಡ್ಡಿನಂಥ ತಲೆಯ ಕಟುಕನನ್ನು 2006ರ ಸಿನಿಮಾಕ್ಕೂ ‘ಹೋಮ್‌ಕಮಿಂಗ್’ಗೂ ಎಳೆದು ತರಲಾಯಿತು. ಒಬ್ಬನ ಮನಸ್ಸಿನೊಳಗಿನ ದುಃಸ್ವಪ್ನ ಹೀಗೆ ಎಲ್ಲರ ಮನರಂಜನೆಯ ಗೊಂಬೆಯಾಯಿತು.

2012ರಲ್ಲಿ ಹಳೆಯ ಎರಡು ಭಾಗಗಳನ್ನು ಹೊಸ ಯಂತ್ರಗಳಿಗೆ ಹೊಂದಿಸಿ ಮರುಪ್ರಕಟಿಸಿದಾಗ ಆದದ್ದು ಈ ವಾದದಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆ. ಹೊಸ ಆವೃತ್ತಿಯಲ್ಲಿ ಮಂಜು ತೆಳುವಾಗಿತ್ತು. ಯಾರೂ ನೋಡಲಾರರೆಂಬ ನಂಬಿಕೆಯಲ್ಲಿ ಹಿಂದೆ ಅರ್ಧಕ್ಕೆ ಬಿಟ್ಟಿದ್ದ ಕಡೆಗಳೆಲ್ಲ ಬೆಳಕಿಗೆ ಬಂದವು. ಊರಿನ ಅಂಚೇ ಕಣ್ಣಿಗೆ ಬಿತ್ತು. ಅಂಚು ಕಂಡ ಊರಿಗೆ ಯಾರು ಹೆದರುತ್ತಾರೆ? ಚಿತ್ರ ನಿಚ್ಚಳವಾಯಿತು, ಆಟ ಸತ್ತಿತು ಎಂದು ಅಭಿಮಾನಿಗಳು ಕೂಗಾಡಿದ್ದರಲ್ಲಿ ಅರ್ಥವಿತ್ತು.

ನನ್ನ ತಮ್ಮನ ಮಗ ಈ ಪಕ್ಷದವನು. “ದೊಡ್ಡಪ್ಪ, ಆಮೇಲೆ ಬಂದ ಆಟದಲ್ಲಿ ಹೆದರೋಕೆ ಪುರುಸೊತ್ತೇ ಇಲ್ಲ, ಬರೀ ಹೊಡೆಯೋದು” ಎನ್ನುತ್ತಾನೆ. ಅವನ ತಂಗಿಯದು ಎದುರು ಪಕ್ಷ. “ಅಣ್ಣ, ಆಗ ನಿಂಗೆ ಹನ್ನೆರಡು ವರ್ಷ. ರಾತ್ರಿ ಕರೆಂಟು ಹೋಗ್ತಿತ್ತು. ನೀನು ಹೆದರಿದ್ದು ಆಟಕ್ಕಲ್ಲ, ಕತ್ತಲಿಗೆ” ಎಂದು ಅವಳು ಛೇಡಿಸುತ್ತಾಳೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಇಳಿಗಾಲದ ದೂರುಗಳಲ್ಲಿ ಅರ್ಧದಷ್ಟು ಕಳೆದುಹೋದ ಬಾಲ್ಯದ ದೂರೇ ಆಗಿರುತ್ತದೆ. ಯಕ್ಷಗಾನವೂ ನಾಟಕವೂ ತಮ್ಮ ಕಾಲಕ್ಕೇ ಮುಗಿದವೆಂದು ಪ್ರತಿ ತಲೆಮಾರಿನ ಹಿರಿಯರೂ ಹೇಳಿದ್ದಾರಲ್ಲವೆ?

ಆದರೂ ಬಾಲ್ಯದ ಹಂಬಲವನ್ನು ಕಳೆದ ಮೇಲೆ ಒಂದು ಸತ್ಯ ಉಳಿಯುತ್ತದೆ. ಅದನ್ನು ಅರಿಯಲು ಜಪಾನಿಗೆ ಹೋಗಬೇಕಿಲ್ಲ, ಮೂಡಿಗೆರೆ ಸಾಕು. ಇಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ‘ಕಾಡಿನ ಕಥೆಗಳು’ ಮಾಲೆಯಾಗಿ ಕನ್ನಡಕ್ಕೆ ತಂದರು; ಜಿಮ್ ಕಾರ್ಬೆಟ್ ಬರೆದ ರುದ್ರಪ್ರಯಾಗದ ಚಿರತೆಯ ಕಥನವನ್ನೂ ತಂದರು. ಹೆದರಿಕೊಂಡೇ ಓದಿಸಿಕೊಳ್ಳುವ ಪುಸ್ತಕವೆಂದರೆ ಏನೆಂಬುದನ್ನು ನಮ್ಮ ಭಾಗದ ಎಷ್ಟೋ ಮಕ್ಕಳು ಕಲಿತದ್ದು ಇವುಗಳಿಂದ. ರುದ್ರಪ್ರಯಾಗದ ಚಿರತೆ 1918ರಿಂದ 1926ರವರೆಗೆ 125 ಮಂದಿಯನ್ನು ಕೊಂದಿತೆಂದು ಸರ್ಕಾರದ ಲೆಕ್ಕ. ಆ ಕಥನದಲ್ಲಿ ಚಿರತೆ ಕಣ್ಣಿಗೆ ಬೀಳುವುದು ಎಷ್ಟು ಸಲ? ಬಹುಪಾಲು ಪುಟಗಳಲ್ಲಿ ಇರುವುದು ವ್ಯರ್ಥವಾದ ರಾತ್ರಿಗಳು, ಕತ್ತಲಲ್ಲಿ ಕಿವಿಗೊಟ್ಟು ಕೂತ ಬೇಟೆಗಾರ, ಬೆಳಗಾದ ಮೇಲೆ ಸಿಗುವ ಹೆಜ್ಜೆಯ ಗುರುತು. ಕೋವಿ ಎಷ್ಟು ಒಳ್ಳೆಯದಾದರೂ ಕಾಣದ ಪ್ರಾಣಿಯ ಮುಂದೆ ಅದು ಕೋಲಿಗೆ ಸಮ. ಬೇಟೆಗಾರನ ಕೈಗೆ ಸರ್ಚ್‌ಲೈಟೂ ಎಣಿಕೆಯಿಲ್ಲದಷ್ಟು ತೋಟಾಗಳೂ ಬಂದಿದ್ದರೆ ಅಲ್ಲಿ ಕಥೆ ಇರುತ್ತಿರಲಿಲ್ಲ.

ಭಯದ ಕಲೆಗೆ ಬೇಕಾದವು ಮೂರು: ಕಾಣದ್ದು, ಸಾಲದ್ದು, ಬೇರೆಲ್ಲೂ ಸಲ್ಲದ್ದು. ಕಾಣದ ಅಪಾಯ, ಸಾಲದ ಸಾಧನ, ಒಂದು ಊರಿಗೆ ಅಥವಾ ಒಬ್ಬ ಮನುಷ್ಯನಿಗೆ ಮಾತ್ರ ಸಂದ ವಿಕಾರ. ‘ಸೈಲೆಂಟ್ ಹಿಲ್’ ಕುಸಿದದ್ದು ಈ ಮೂರನ್ನೂ ಸಮೃದ್ಧಿಗೆ ಮಾರಿಕೊಂಡಾಗ. ಮತ್ತೆ ಚೇತರಿಸಿಕೊಂಡದ್ದೂ ಅವುಗಳ ಕಡೆಗೆ ಮರಳಿದಾಗಲೇ. 2014ರಲ್ಲಿ ಹಿಡಿಯೊ ಕೊಜಿಮಾ ರೂಪಿಸಿದ ‘ಪಿ.ಟಿ.’ ಎಂಬ ಮಾದರಿ ಆಟದಲ್ಲಿ ಒಂದೇ ಮನೆಯ ಒಂದೇ ಓಣಿ ಮತ್ತೆ ಮತ್ತೆ ಬರುತ್ತಿತ್ತು. ಆಟಗಾರನಿಗೆ ಆಯುಧವೇ ಇರಲಿಲ್ಲ. ಕೊನಾಮಿ 2015ರಲ್ಲಿ ಆ ಯೋಜನೆಯನ್ನು ಕೈಬಿಟ್ಟದ್ದನ್ನು ಅಭಿಮಾನಿಗಳು ಇನ್ನೂ ಕ್ಷಮಿಸಿಲ್ಲ. 2024ರ ಅಕ್ಟೋಬರಿನಲ್ಲಿ ಪೋಲೆಂಡಿನ ಬ್ಲೂಬರ್ ಟೀಮ್ ಎರಡನೆಯ ಭಾಗವನ್ನು ಹೊಸದಾಗಿ ಕಟ್ಟಿದಾಗ ಇಡೀ ಪಟ್ಟಣವನ್ನು ತೋರಿಸುವ ತಾಕತ್ತು ಯಂತ್ರಕ್ಕಿತ್ತು. ಆದರೂ ಮಂಜನ್ನು ದಟ್ಟವಾಗಿಯೇ ಉಳಿಸಿದರು. ಕೆಲವೇ ದಿನಗಳಲ್ಲಿ ಅದರ 10 ಲಕ್ಷ ಪ್ರತಿಗಳು ಮಾರಾಟವಾದವು. 2025ರ ಸೆಪ್ಟೆಂಬರಿನ ‘ಸೈಲೆಂಟ್ ಹಿಲ್ ಎಫ್’ ಕಥೆ ನಡೆಯುವುದು 1960ರ ದಶಕದ ಜಪಾನಿನ ಗುಡ್ಡಗಾಡಿನ ಊರಿನಲ್ಲಿ. ನಾಯಕಿ ಶಾಲೆಯ ಹುಡುಗಿ. ಬಂದೂಕಿಲ್ಲ, ಕೈಗೆ ಸಿಗುವ ಕಬ್ಬಿಣದ ಕೊಳವೆಯೂ ಬಳಸಿದಂತೆ ಮುರಿಯುತ್ತದೆ. ಹಳೆಯ ಪಟ್ಟಣವೇ ಇಲ್ಲದ ಮೇಲೆ ಇದನ್ನು ‘ಸೈಲೆಂಟ್ ಹಿಲ್’ ಎನ್ನಬಹುದೆ ಎಂದು ಹೊಸ ಜಗಳ ಹುಟ್ಟಿತು. ಹೆಸರಿಗಿಂತ ಗುಣ ದೊಡ್ಡದೆಂಬ ಪಕ್ಷ ನನ್ನದು.

ಇಷ್ಟಕ್ಕೇ ನಿಂತರೆ ಇದು ಕಲಾವಿಮರ್ಶೆಯಾಗುತ್ತದೆ. ಆದರೆ ಈ ವಾದ ನಡೆಯುವ ಮನೆಯ ಅಂಗಳದಾಚೆ ನಿಜವಾದ ಮಂಜು ಕವಿದಿದೆ. ಬೆಳಕು ಹರಿದು ಬಹಳ ಹೊತ್ತಾದರೂ ಹತ್ತು ಮಾರಿನಾಚೆಗೆ ಏನೂ ಕಾಣದ ದಿನಗಳಲ್ಲಿ ಲೈನ್ ಮನೆಗಳಿಂದ ಆಳುಗಳು ತೋಟಕ್ಕೆ ಹೊರಡುತ್ತಾರೆ. ಕಾಫಿ ಗಿಡಗಳ ನಡುವೆ ನಿಂತ ಆನೆ ಎದುರೆದುರಾಗುವವರೆಗೂ ಕಾಣುವುದಿಲ್ಲ. 2022ರ ನವೆಂಬರಿನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರಿನ ಬಳಿ ಮಹಿಳೆಯೊಬ್ಬರು ಕಾಡಾನೆಗೆ ಬಲಿಯಾದಾಗ ಜನರ ಸಿಟ್ಟು ಕ್ಷೇತ್ರದ ಶಾಸಕರ ಮೇಲೆಯೇ ತಿರುಗಿತ್ತು. ಆ ಬಳಿಕ ಸರ್ಕಾರ ಚಿಕ್ಕಮಗಳೂರೂ ಸೇರಿದಂತೆ ಆನೆ ಹಾವಳಿಯ ಜಿಲ್ಲೆಗಳಲ್ಲಿ ಆನೆ ಕಾರ್ಯಪಡೆಗಳನ್ನು ರಚಿಸಿತು. ಈಗ ಹಿಂಡು ಎಲ್ಲಿದೆಯೆಂಬ ಸಂದೇಶ ಮೊಬೈಲಿಗೆ ಬರುತ್ತದೆ. ಹ್ಯಾರಿ ಮೇಸನ್‌ನ ಜೇಬಿನ ರೇಡಿಯೊದಂತೆಯೇ ಇದೂ ಅರೆತಿಳಿವಿನ ಸಾಧನ. ಏನೋ ಇದೆಯೆನ್ನುತ್ತದೆ; ಈ ಕ್ಷಣ ಯಾವ ಗಿಡದ ಮರೆಯಲ್ಲೆಂದು ಹೇಳಲಾರದು.

ಆಟದಲ್ಲಿ ಈ ಅರೆತಿಳಿವು ರಸವಾಗುತ್ತದೆ, ಏಕೆಂದರೆ ಸತ್ತವನು ಹಿಂದಿನ ಹಂತದಿಂದ ಮತ್ತೆ ಆರಂಭಿಸಬಹುದು. ಕೂಲಿಯವರಿಗೆ ಅಂಥ ಹಿಂದಿನ ಹಂತವಿಲ್ಲ. ಸಂದೇಶ ಬರುವುದು ಮೊಬೈಲಿನ ಗುಂಪುಗಳಿಗೆ. ಗುಂಪಿನಲ್ಲಿರುವವರು ಹೆಚ್ಚಾಗಿ ತೋಟದ ಮಾಲೀಕರು, ರೈಟರುಗಳು. ಕೊಯ್ಲಿನ ಕಾಲಕ್ಕೆ ಅಸ್ಸಾಮಿನಿಂದ ಬಂದವರಿಗೆ ಕನ್ನಡದ ಸಂದೇಶ ಓದಲು ಬಾರದು. ಕಣಿವೆಯೊಳಗೆ ಸಿಗ್ನಲ್ ಸಿಗುವುದೂ ಅಷ್ಟಕ್ಕಷ್ಟೆ. ತಮಿಳುನಾಡಿನ ವಾಲ್ಪಾರೈ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಆನಂದ ಕುಮಾರ್ ಮತ್ತವರ ತಂಡ ಇದಕ್ಕೊಂದು ದಾರಿ ತೋರಿತ್ತು. ಮೊಬೈಲ್ ಸಂದೇಶ, ಧ್ವನಿ ಕರೆಗಳ ಜೊತೆಗೆ ಎತ್ತರದ ಕಂಬಗಳ ಮೇಲೆ ಕೆಂಪು ದೀಪಗಳನ್ನು ಅವರು ನಿಲ್ಲಿಸಿದರು. ಆನೆ ಸಮೀಪದಲ್ಲಿದ್ದರೆ ದೀಪ ಉರಿಯುತ್ತದೆ. ಓದು ಬರದವನಿಗೂ ಫೋನಿಲ್ಲದವನಿಗೂ ಅದರ ಭಾಷೆ ತಿಳಿಯುತ್ತದೆ. ಅಲ್ಲಿ ಸಾವುಗಳು ಇಳಿದವು. 2015ರಲ್ಲಿ ಆ ಕೆಲಸಕ್ಕೆ ವಿಟ್ಲಿ ಪ್ರಶಸ್ತಿ ಸಂದಿತು. ನೆರೆಯ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರದಲ್ಲಿಯೂ ಅದೇ ಬಗೆಯ ಮುನ್ನೆಚ್ಚರಿಕೆಯ ಪ್ರಯೋಗಗಳಾಗಿವೆ. ನಮ್ಮ ಪ್ರತಿ ಲೈನ್ ಮನೆಯ ಕಣ್ಣಳತೆಯಲ್ಲಿ ಅಂಥದೊಂದು ದೀಪ ಏಕಿರಬಾರದು? ದೀಪವಾರದೆ ಹಾಜರಿ ಹಾಕುವಂತಿಲ್ಲ, ತಡವಾದ ಹೊತ್ತಿಗೆ ಕೂಲಿ ಮುರಿಯುವಂತಿಲ್ಲ ಎಂಬ ನಿಯಮವನ್ನು ಬೆಳೆಗಾರರ ಸಂಘಗಳೇ ಏಕೆ ಮಾಡಿಕೊಳ್ಳಬಾರದು?

ನಾನೂ ಬೆಳೆಗಾರರ ಮನೆತನದವನೇ. ಭಯವನ್ನು ಸವಿಯುವ ಬಿಡುವು ನಮ್ಮಂಥವರಿಗೆ ದಕ್ಕಿದ್ದು, ಹೊರಗಿನ ಭಯವನ್ನು ನಮ್ಮ ಪರವಾಗಿ ಇನ್ನೊಬ್ಬರು ಹೊತ್ತದ್ದರಿಂದ. ಇದನ್ನು ಹೇಳುವುದು ಹುಡುಗರ ಆಟವನ್ನು ಹೀಗಳೆಯಲಿಕ್ಕಲ್ಲ. ಎರಡು ದಶಕಗಳಿಂದ ಅವರು ಹಟ ಹಿಡಿದು ಕೇಳುತ್ತಿರುವ ಪ್ರಶ್ನೆ ಸರಿಯಾದದ್ದೇ: ಎಷ್ಟು ಕಾಣಬೇಕು, ಎಷ್ಟು ಮರೆಯಲ್ಲಿರಬೇಕು? ಕಲೆಗೆ ಮಂಜು ಬೇಕು; ಆಡಳಿತಕ್ಕೆ, ಕೆಲಸದ ಜಾಗಕ್ಕೆ ಅದು ಬೇಡ. ನಾವು ನಡೆದದ್ದು ಇದರ ತಿರುವುಮುರುವಿನಲ್ಲಿ. ಮನರಂಜನೆಯ ಮೂಲೆಮೂಲೆಗೂ ದೀಪ ಹಚ್ಚಿದೆವು, ತೋಟದ ಕಾಲುದಾರಿಯನ್ನು ಕತ್ತಲಿಗೆ ಬಿಟ್ಟೆವು. ಸೊರಗಿದ ಆಟವೊಂದು ಇಪ್ಪತ್ತು ವರ್ಷಗಳ ತರುವಾಯ ತನ್ನ ಮಂಜನ್ನು ಮರಳಿ ಪಡೆಯಿತು. ಆ ಕಾಲುದಾರಿಗೆ ಬೆಳಕು ಬರಲು ಅಷ್ಟು ವರ್ಷ ಕಾಯುವ ಅಗತ್ಯವಿಲ್ಲ. ಅದಕ್ಕೆ ಬೇಕಾದದ್ದು ಒಂದು ಕಂಬ, ಒಂದು ಕೆಂಪು ದೀಪ ಮತ್ತು ಅದು ಆರುವವರೆಗೆ ಹಾಜರಿ ಪುಸ್ತಕ ತೆರೆಯದಿರುವ ಸಂಯಮ.